ಚಂಚಿಯೊಳಗಿನ ಬ್ಯಾಟರಿ

ನಾನು ವೇಪ್, ಅಂದರೆ ಬ್ಯಾಟರಿಯ ಸಿಗರೇಟು, ಸೇದುತ್ತೇನೆ. ವಯಸ್ಸು ಅರವತ್ತೊಂದು, ಹುಟ್ಟೂರು ಧಾರವಾಡ, ಮನೆ ಲಂಡನ್ನಿನ ಹ್ಯಾರೋ. ಗಂಡ ಹೋಗಿ ಆರು ವರ್ಷವಾದರೂ ಹಣೆಯ ಕುಂಕುಮ ಬಿಟ್ಟಿಲ್ಲ. ಅದನ್ನು ಕೇಳಲು ಬಂದವರಿಗೆ ಕೊಟ್ಟ ಉತ್ತರವನ್ನೇ ವೇಪಿನ ಬಗ್ಗೆ ಕೇಳುವವರಿಗೂ ಕೊಡುತ್ತೇನೆ: ನನ್ನ ಹಣೆ, ನನ್ನ ಬಾಯಿ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಸಮಾಧಾನದಿಂದ ಬರೆಯಬಹುದು.

ವೇಪಿಗಿಂತ ಮೊದಲು ಮೂವತ್ತು ವರ್ಷ ಎಲೆ, ಅಡಿಕೆ, ತಂಬಾಕು ತಿಂದವಳು ನಾನು. ನಮ್ಮ ಅವ್ವನಿಗೆ ಒಂದು ಚಂಚಿ ಇತ್ತು. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ತಂಬಾಕಿಗೊಂದು ಎಂದು ಒಳಗೆ ನಾಲ್ಕು ಅರೆಗಳಿದ್ದ ಬಟ್ಟೆಯ ಚೀಲ. ಅವ್ವ ತೀರಿದ ಮೇಲೆ ಅದು ನನ್ನ ಸೊಂಟಕ್ಕೆ ಬಂತು, ಅಡಿಕೆ ಕತ್ತರಿಸುವ ಕಬ್ಬಿಣದ ಅಡಕೊತ್ತಿನ ಸಮೇತ. ಸೌತ್‌ಹಾಲಿನ ಬ್ರಾಡ್‌ವೇಯಲ್ಲಿ ಒಂದು ಬಂಗಾರದ ಅಂಗಡಿಯ ಕೌಂಟರಿನಲ್ಲಿ ಇಪ್ಪತ್ತೆರಡು ವರ್ಷ ನಿಂತೆ. ಊಟದ ಬಿಡುವಿನಲ್ಲಿ ಹಿಂಬಾಗಿಲಿಗೆ ಹೋಗಿ ಎಲೆ ಹಾಕಿಕೊಳ್ಳದೆ ಒಂದು ಮಧ್ಯಾಹ್ನವೂ ಕಳೆದಿಲ್ಲ. ನಮ್ಮ ಕನ್ನಡದವರ ಕೂಟಗಳಲ್ಲಿ ಯಾರೂ ಇದನ್ನು ತಪ್ಪೆನ್ನಲಿಲ್ಲ. ಊಟ ಮುಗಿಯುತ್ತಲೇ ಹೆಂಗಸರು ನನ್ನ ಸುತ್ತ ಕೂತು, "ಬಿಚ್ಚರಿ ನಿಮ್ಮ ಚಂಚೀನ" ಎನ್ನುತ್ತಿದ್ದರು.

ಆಮೇಲೆ ಹಲ್ಲಿನ ಡಾಕ್ಟರು ನನ್ನ ಕೆನ್ನೆಯ ಒಳಗೆ ಒಂದು ಬಿಳಿ ಕಲೆ ಕಂಡರು. ಆಸ್ಪತ್ರೆಯವರು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಇನ್ನೂ ಏನೂ ಆಗಿಲ್ಲ, ಹೀಗೇ ತಿನ್ನುತ್ತಿದ್ದರೆ ಆಗಬಹುದು, ತಂಬಾಕಷ್ಟೇ ಅಲ್ಲ ಅಡಿಕೆಯನ್ನೂ ಬಿಡಬೇಕು ಎಂದರು. ನಿಕೋಟಿನ್ ಗಮ್ ಅಗಿದೆ, ತೋಳಿಗೆ ಪಟ್ಟಿ ಅಂಟಿಸಿಕೊಂಡೆ. ಮೂರು ಸಲ ಬಿಟ್ಟೆ, ಮೂರು ಸಲವೂ ಟೂಟಿಂಗ್‌ನ ನಾದಿನಿಯ ಮನೆಗೆ ಹೋದಾಗ ಅವಳ ಡಬ್ಬಿಗೆ ಕೈ ಹಾಕಿದೆ. ಕೊನೆಗೆ ತಂಬಾಕು ಬಿಡಿಸುವ ಕ್ಲಿನಿಕ್ಕಿನ ಹೆಂಗಸು ವೇಪ್ ಮಾಡಿ ನೋಡಿ ಎಂದಳು. ಇದೂ ನಿರಪಾಯವಲ್ಲ, ಆದರೆ ನಿಮ್ಮ ತಂಬಾಕಿಗಿಂತ ಎಷ್ಟೋ ವಾಸಿ, ಮುಂದೆ ಇದನ್ನೂ ಬಿಡಬೇಕು ಎಂದಳು. ಅಂದಿನಿಂದ ಇಂದಿನವರೆಗೆ ಒಂದು ಎಸಳು ತಂಬಾಕು, ಒಂದು ಚೂರು ಅಡಿಕೆ ಬಾಯಿಗೆ ಹಾಕಿಲ್ಲ. ಕಲೆ ದೊಡ್ಡದಾಗಿಲ್ಲ.

ಇಷ್ಟಾದ ಮೇಲೆ ಕೂಟದ ಹೆಂಗಸರಿಗೆ ನಾನು ಕೆಟ್ಟವಳಾದೆ. ಕೂಟದ ಸಭಾಂಗಣದ ಹೊರಗೆ, ಕಾರುಗಳ ನಡುವೆ ನಿಂತು ಗಂಡಸರು ಬುಸುಬುಸು ಹೊಗೆ ಬಿಡುವುದು ಅವರ ಕಣ್ಣಿಗೆ ಬೀಳುವುದಿಲ್ಲ. ನಾನು ಅದೇ ಜಾಗದಲ್ಲಿ ನಿಂತಾಗ ಒಬ್ಬರು ಬೇಕೆಂದೇ ಹತ್ತಿರ ಬಂದು, "ಏನ್ರೀ ಇದು, ಗಂಡಸರ ಗತೆ ಹೊಗಿ ಬಿಡ್ಕೋತ ನಿಂತೀರಿ, ವಯಸ್ಸಿಗರ ಮರ್ಯಾದಿ ಬ್ಯಾಡೇನು?" ಎಂದರು.

"ನೀವು ನನ್ನ ಚಂಚ್ಯಾಗಿನ ತಂಬಾಕ ತಿಂದಾಗ ನಿಮ್ಮ ವಯಸ್ಸು ಎಲ್ಲಿ ಹೋಗಿತ್ರಿ?" ಎಂದೆ. ಅವರು ಆಮೇಲೆ ನನ್ನ ಜೊತೆ ಮಾತಾಡಿಲ್ಲ. ನನಗೇನೂ ಊಟ ಸೇರದೆ ಹೋಗಲಿಲ್ಲ.

ಮೊದಮೊದಲು ನಾನು ಸೇದುತ್ತಿದ್ದುದು ಮುಗಿದ ಮೇಲೆ ಎಸೆಯುವ ಪ್ಲಾಸ್ಟಿಕ್ ಕೊಳವೆ. ಅವನ್ನು ಸರ್ಕಾರ ನಿಷೇಧಿಸಿದಾಗ, ಬ್ಯಾಟರಿ ಬದಲಿಸಿಕೊಳ್ಳಬಹುದಾದ ಒಂದು ಯಂತ್ರ ಕೊಂಡೆ. ಅಂಗೈಯಲ್ಲಿ ಕೂರುವ ಪೆಟ್ಟಿಗೆ, ಒಳಗೆ ಹೆಬ್ಬೆರಳಿಗಿಂತ ತುಸು ಉದ್ದದ ಒಂದು ದುಂಡು ಬ್ಯಾಟರಿ. ಒಂದು ಯಂತ್ರದಲ್ಲಿದ್ದರೆ ಇನ್ನೊಂದು ಚಾರ್ಜಾಗಿ ಕಾಯುತ್ತಿರಬೇಕು. ಆ ಎರಡನೆಯದನ್ನು ಎಲ್ಲಿಡುವುದು ಎಂದು ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಎಲೆಯ ಅರೆಯಲ್ಲಿ ಯಂತ್ರ, ಅಡಿಕೆಯ ಅರೆಯಲ್ಲಿ ದ್ರವದ ಬಾಟಲಿ, ತಂಬಾಕಿನ ಅರೆಯಲ್ಲಿ ಬ್ಯಾಟರಿ. ಅಡಕೊತ್ತೂ ಬ್ಯಾಟರಿಯ ಅರೆಯಲ್ಲೇ ಇತ್ತು. ಕತ್ತರಿಸಲು ಅಡಿಕೆ ಇಲ್ಲದಿದ್ದರೂ ಅವ್ವನ ಅಡಕೊತ್ತನ್ನು ಡ್ರಾಯರಿಗೆ ಹಾಕಲು ನನಗೆ ಮನಸ್ಸಿರಲಿಲ್ಲ. ಚಂಚಿ ಎಂದರೆ ಅದರಲ್ಲಿ ಅಡಕೊತ್ತು ಇರಬೇಕು, ಅಷ್ಟೆ.

ಮಂಗಳವಾರ ಮತ್ತು ಗುರುವಾರ ಮೊಮ್ಮಗಳು ನನ್ನ ಮನೆಯಲ್ಲಿರುತ್ತಾಳೆ. ಆರು ತಿಂಗಳ ಕೂಸಾಗಿದ್ದಾಗಿನಿಂದಲೂ ಇದೇ ಪದ್ಧತಿ, ಈಗ ಅವಳಿಗೆ ನಾಲ್ಕು ವರ್ಷ. ನನ್ನ ಮಗಳು ಶಾಲೆಯ ಟೀಚರು, ಅಳಿಯ ಬೆಂಗಳೂರಿನವರು, ಮಧ್ಯ ಲಂಡನ್ನಿನ ಆಫೀಸೊಂದರಲ್ಲಿ ಕಂಪ್ಯೂಟರ್ ಕೆಲಸ. ಅವರ ಮನೆಯಲ್ಲಿ ಇಂಗ್ಲಿಷೇ ಹೆಚ್ಚು. ಕೂಸಿಗೆ ಕನ್ನಡ ಕಿವಿಗೆ ಬೀಳುವುದು ಈ ಎರಡು ದಿನ ಮಾತ್ರ. ನಾನು ಧಾರವಾಡದ ಮಾತಿನಲ್ಲಿ ಬೈಯುತ್ತೇನೆ, ಅವಳು ಇಂಗ್ಲಿಷಿನಲ್ಲಿ ಎದುರು ಮಾತಾಡುತ್ತಾಳೆ, ಇಬ್ಬರಿಗೂ ಎಲ್ಲವೂ ತಿಳಿಯುತ್ತದೆ. ಗಂಡ ಹೋದ ಮೇಲೆ ನಾನು ವಾರವನ್ನು ದಾಟುತ್ತಿದ್ದದ್ದು ಆ ಎರಡು ದಿನ ಹಿಡಿದುಕೊಂಡೇ. ಅವಳ ಎದುರಿಗೆ, ಮನೆಯ ಒಳಗೆ, ನಾನು ಒಂದು ದಿನವೂ ವೇಪ್ ಬಾಯಿಗಿಟ್ಟಿಲ್ಲ.

ಅದು ಒಂದು ಮಂಗಳವಾರ ಮಧ್ಯಾಹ್ನ. ಕೂಸು ಅಡುಗೆಮನೆಯ ಮೇಜಿನ ಮೇಲೆ ಅವಲಕ್ಕಿ ಚೆಲ್ಲಾಡುತ್ತ ಕೂತಿದ್ದಳು. ನಾನು ಚಪಾತಿ ಲಟ್ಟಿಸುತ್ತಿದ್ದೆ. ಚಂಚಿ ಸೊಂಟದಲ್ಲಿ ಒತ್ತುತ್ತದೆ ಎಂದು ಬಿಚ್ಚಿ ಸಿಂಕಿನ ಪಕ್ಕ ಬಿಸಾಕಿದ್ದೆ. ಪ್ಲಾಸ್ಟಿಕ್ ಸುಟ್ಟಂಥ ವಾಸನೆ ಬಂದಾಗ ಮೊದಲು ನೋಡಿದ್ದು ತವೆಯನ್ನು. ಆಮೇಲೆ ಸುಯ್ಯೆಂಬ ಸದ್ದು ಕೇಳಿತು, ಚಂಚಿಯ ಬಾಯಿಂದ ಹೊಗೆ ಬಂತು. ಒಲೆಯ ಪಕ್ಕದ ಇಕ್ಕಳದಿಂದಲೇ ಅದನ್ನು ಎತ್ತಿ ಹಿಂಬಾಗಿಲಿನಿಂದ ಹಿತ್ತಲಿನ ಕಲ್ಲುಹಾಸಿನ ಮೇಲೆ ಎಸೆದು, ಬಾಗಿಲು ಹಾಕಿ, ಕೂಸನ್ನು ಬಗಲಿಗೆತ್ತಿಕೊಂಡು ಮುಂದಿನ ಕೋಣೆಗೆ ಓಡಿದೆ. ಹಿತ್ತಲಲ್ಲಿ ಧಡ್ ಎಂದು ಸದ್ದಾಯಿತು. ಸ್ವಲ್ಪ ಹೊತ್ತಿನ ಮೇಲೆ ಗಾಜಿನಿಂದ ಇಣುಕಿದರೆ ಅವ್ವನ ಚಂಚಿ ಉರಿದು ಬೂದಿಯಾಗಿತ್ತು. ಅಡಕೊತ್ತು ಕಪ್ಪಾಗಿ ಕಲ್ಲಿನ ಮೇಲೆ ಬಿದ್ದಿತ್ತು. ಬೆಳಿಗ್ಗೆ ಹೊರಗೆ ಸೇದಿ ಕೋಟಿನ ಜೇಬಿನಲ್ಲೇ ಬಿಟ್ಟಿದ್ದ ಯಂತ್ರ ಮಾತ್ರ ಉಳಿದಿತ್ತು.

ಏನಾಯಿತೆಂದು ಈಗ ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ. ಆ ಬ್ಯಾಟರಿಗೆ ಬಟ್ಟೆ ಎಂದರೆ ಕಾಗದದಷ್ಟು ತೆಳುವಾದ ಒಂದು ಪ್ಲಾಸ್ಟಿಕ್ ಹೊದಿಕೆ. ಅದರ ತಲೆಯ ಗುಂಡಿ ಪಾಸಿಟಿವ್, ಉಳಿದ ಇಡೀ ಮೈ ನೆಗೆಟಿವ್, ತಲೆಯ ಅಂಚಿನವರೆಗೂ. ಅಡಕೊತ್ತಿನ ಬಾಯಿ ಅಂಚಿನ ಹೊದಿಕೆಯನ್ನು ದಿನವೂ ಕೆರೆದು ಹರಿದಿತ್ತು. ಚಂಚಿಯನ್ನು ಸಿಂಕಿನ ಪಕ್ಕ ಬಿಸಾಕಿದಾಗ ಕಬ್ಬಿಣ ಗುಂಡಿಗೂ ಅಂಚಿಗೂ ಒಟ್ಟಿಗೇ ತಾಗಿ, ಬ್ಯಾಟರಿಯೊಳಗಿನ ಶಕ್ತಿಯೆಲ್ಲ ಒಂದೇ ಸಲ ಹೊರಗೆ ಹರಿಯಿತು. ತಪ್ಪು ನನ್ನದೇ. ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ.

ಸಂಜೆ ಮಗಳು ಕರೆದೊಯ್ಯಲು ಬಂದಾಗ ನಾನು ಹೇಳುವ ಮೊದಲೇ ಕೂಸು ಬಾಗಿಲಲ್ಲೇ ವರದಿ ಒಪ್ಪಿಸಿತು: "ಮಮ್ಮೀ, ಅಜ್ಜೀಸ್ ಬ್ಯಾಗ್ ವೆಂಟ್ ಬೂಮ್."

ನಾನು ಏನನ್ನೂ ಮುಚ್ಚಿಡದೆ ಎಲ್ಲ ಹೇಳಿದೆ. ಮಗಳು ಕೂಗಾಡಲಿಲ್ಲ. ಕೂಸಿನ ಕೋಟಿನ ಗುಂಡಿ ಹಾಕುತ್ತ, ತಲೆ ಎತ್ತದೆ ಹೇಳಿದಳು: "ಅವ್ವ, ಆ ವೇಪ್ ಈ ಮನ್ಯಾಗ ಇರೂತನಕ ನಾ ಇಕಿನ್ನ ಇಲ್ಲೆ ಬಿಡೂದಿಲ್ಲ. ಐ ಮೀನ್ ಇಟ್. ನರ್ಸರಿಯೊಳಗ ಇನ್ನೆರಡು ದಿನ ಕೇಳ್ತೀನಿ."

"ಬ್ಯಾಟರಿ ಇಡೂದು ನನಗ ತಿಳೀಲಿಲ್ಲ, ತಪ್ಪಾತು. ತಿಳ್ಕೋತೀನಿ" ಎಂದೆ.

"ತಿಳ್ಕೊಳ್ಳೂದೇನೈತಿ? ಬಿಟ್ಟಬಿಡು. ಪ್ರಾಮಿಸ್ ಮಾಡು, ಗುರುವಾರ ಕರ್ಕೊಂಡ ಬರ್ತೀನಿ."

ಪ್ರಾಮಿಸ್ ಮಾಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನನಗೆ ನನ್ನ ಕೈ ಗೊತ್ತು. ಅದು ಬರಿದಾದರೆ ಹದಿನೈದು ದಿನದಲ್ಲಿ ನಾದಿನಿಯ ಡಬ್ಬಿಗೆ ಹೋಗುತ್ತದೆ. ಮಗಳ ಎದುರು ಬಾಯಿ ಮುಚ್ಚಿಕೊಂಡು, ಕೆನ್ನೆಯೊಳಗೆ ತಂಬಾಕು ಅಡಗಿಸಿಕೊಂಡು, ಅದೇ ಬಾಯಿಂದ ಕೂಸಿಗೆ ಮುತ್ತು ಕೊಡುವ ಅಜ್ಜಿ ಆಗಲಾರೆ ಎನ್ನಿಸಿತು. ಸುಳ್ಳು ಆಣೆ ಮಾಡುವುದಿಲ್ಲ ಎಂದೆ. ಮಗಳು ಕೂಸಿನ ಕೈ ಹಿಡಿದು ನಡೆದಳು. ಗುರುವಾರ ಯಾರೂ ಬರಲಿಲ್ಲ.

ಮುಂದಿನ ಮಂಗಳವಾರವೂ ಬರಲಿಲ್ಲ. ಅವಲಕ್ಕಿ ಹಚ್ಚಿಟ್ಟುಕೊಂಡು ಕೂತಿದ್ದವಳು ಅದನ್ನು ಅಳುತ್ತ ಒಬ್ಬಳೇ ತಿಂದೆ. ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಮಗಳ ಮೇಲಲ್ಲ, ನನ್ನ ಮೇಲೆ. ಇಪ್ಪತ್ತೆರಡು ವರ್ಷ ಬಂಗಾರ ನೋಡಿದ ಕಣ್ಣು ಇದು. ಬಳೆಯೊಂದನ್ನು ಅಂಗೈಯಲ್ಲಿಟ್ಟರೆ ಒಳಗೆ ಅರಗು ತುಂಬಿದ್ದಾರೋ ಇಲ್ಲವೋ ಹೇಳುತ್ತಿದ್ದವಳು, ಸೊಂಟದಲ್ಲಿ ಕಟ್ಟಿಕೊಂಡ ವಸ್ತು ಏನೆಂದು ಒಮ್ಮೆಯೂ ಕೇಳಿರಲಿಲ್ಲ. ಕನ್ನಡಕ ಹಾಕಿಕೊಂಡು ಓದಲು ಕೂತೆ.

ಮೊದಲು ತಿಳಿದದ್ದು, ಬಂಗಾರದ ಪೇಟೆಗೂ ಬ್ಯಾಟರಿಯ ಪೇಟೆಗೂ ಬಹಳ ವ್ಯತ್ಯಾಸವಿಲ್ಲ ಎಂಬುದು. ಬ್ಯಾಟರಿಯನ್ನು ನಿಜವಾಗಿ ತಯಾರಿಸುವ ಕಾರ್ಖಾನೆಗಳು ಕೆಲವೇ. ಉಳಿದ ಎಷ್ಟೋ ಮಂದಿ ಅವರಿವರದನ್ನು ಕೊಂಡು, ಕೆಲವರು ಹಳೆಯ ಲ್ಯಾಪ್‌ಟಾಪುಗಳಿಂದ ಕಿತ್ತು, ಹೊಸ ಹೊದಿಕೆ ತೊಡಿಸಿ, ಅದರ ಮೇಲೆ ತಮಗೆ ತೋಚಿದ ಅಂಕೆ ಅಚ್ಚು ಹಾಕುತ್ತಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಇಲ್ಲಿ ಚೆನ್ನಾಗಿ ಒಪ್ಪುತ್ತದೆ.

ಸೌತ್‌ಹಾಲಿಗೆ ಹೋದೆ. ನನ್ನ ಹಳೆಯ ಅಂಗಡಿಗೆ ನಾಲ್ಕು ಬಾಗಿಲು ಆಚೆ ಒಬ್ಬ ಫೋನಿನ ಸಾಮಾನು ಮಾರುತ್ತಾನೆ. ಸುಟ್ಟ ಬ್ಯಾಟರಿ ಕೊಂಡದ್ದು ಅಲ್ಲೇ. ಅವನು ಹಿಂದಿಯಲ್ಲಿ ಆಂಟೀ ಎಂದು ಕರೆದು, ಹಿಡಿಯುವ ಚಾರ್ಜು ಒಂಬತ್ತು ಸಾವಿರದ ಒಂಬೈನೂರು ಎಂಎಎಚ್ ಎಂದು ಕೆಂಪಕ್ಷರದಲ್ಲಿ ಬರೆದಿದ್ದ ಒಂದು ಬ್ಯಾಟರಿ ಮುಂದಿಟ್ಟ. ಈ ಗಾತ್ರದ ಒಳ್ಳೆಯ ಬ್ಯಾಟರಿ ಹಿಡಿಯುವುದು ಹೆಚ್ಚೆಂದರೆ ಮೂರೂವರೆ ಸಾವಿರದ ಆಸುಪಾಸು ಎಂದು ನಾನು ಆ ಹೊತ್ತಿಗೆ ಓದಿಕೊಂಡಿದ್ದೆ. ಚೀಲದಿಂದ ಬಂಗಾರ ತೂಗುವ ನನ್ನ ಪುಟ್ಟ ತಕ್ಕಡಿ ತೆಗೆದು ಕೌಂಟರಿನ ಮೇಲಿಟ್ಟೆ. ಸಾಚಾ ಬ್ಯಾಟರಿ ನಲವತ್ತೈದು ಗ್ರಾಮಿನ ಸುತ್ತಮುತ್ತ ತೂಗಬೇಕು. ಇದು ಮೂವತ್ತೊಂದು ತೂಗಿತು. ಒಳಗೆ ಏನು ತುಂಬಿದ್ದೀಯ, ಹೊಟ್ಟೋ ಮರಳೋ ಎಂದು ಕೇಳಿದೆ. ಎಲ್ಲರೂ ಇದನ್ನೇ ಒಯ್ಯುತ್ತಾರೆ, ನಿಮ್ಮಂಥವರು ಯಾರೂ ತೂಕ ಕೇಳಿಲ್ಲ ಎಂದ. ಹಾಗಾದರೆ ಇನ್ನು ಮೇಲೆ ಕೇಳುತ್ತಾರೆ ಎಂದು ಪಕ್ಕದಲ್ಲಿ ನಿಂತಿದ್ದ ಇಬ್ಬರಿಗೆ ತಕ್ಕಡಿಯ ಅಂಕೆ ತೋರಿಸಿಯೇ ಹೊರಬಿದ್ದೆ.

ಹ್ಯಾರೋದಲ್ಲಿ ವೇಪಿನದೇ ಅಂಗಡಿ ಇಟ್ಟಿರುವ ಒಬ್ಬ ಹೆಂಗಸು ಇದ್ದಾಳೆ. ಬ್ಯಾಟರಿ ಬೇಕು ಎಂದ ಕೂಡಲೇ ಅವಳು ಡಬ್ಬಿ ತೆಗೆಯಲಿಲ್ಲ, ನನ್ನ ಯಂತ್ರ ಕೇಳಿ ಪಡೆದು ಎಷ್ಟು ವಾಟಿಗೆ ಇಟ್ಟು ಸೇದುತ್ತೀರಿ ಎಂದು ವಿಚಾರಿಸಿದಳು. ಅಲ್ಲೇ ನನಗೆ ನಂಬಿಕೆ ಬಂತು. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂಬುದು ಒಂದು ಅಂಕೆ, ಯಂತ್ರ ಎಳೆಯುವಷ್ಟು ಕರೆಂಟನ್ನು ಬಿಸಿಯಾಗದೆ ಒಂದೇ ಸಮ ಕೊಡಬಲ್ಲದೇ ಎಂಬುದು ಇನ್ನೊಂದು, ನೋಡಬೇಕಾದದ್ದು ಮೊದಲು ಎರಡನೆಯದನ್ನು ಎಂದಳು. ಬ್ಯಾಟರಿ ಅರೆಕ್ಷಣ ಮಾತ್ರ ಕೊಡಬಲ್ಲ ಕರೆಂಟನ್ನೇ ದೊಡ್ಡದಾಗಿ ಬರೆದು ಮಾರುವವರಿದ್ದಾರಂತೆ, ಮದುವೆಗೆ ಮೊದಲು ಗಂಡಿನ ಸಂಬಳ ಹೇಳಿದ ಹಾಗೆ. ಎರಡು ಬ್ಯಾಟರಿ ಕೂಡುವ ಇನ್ನೊಂದು ಯಂತ್ರವನ್ನೂ ತೋರಿಸಿದಳು. ಅದರ ಜೋಡಿಯನ್ನು ಒಂದೇ ದಿನ ಕೊಳ್ಳಬೇಕು, ಒಟ್ಟಿಗೇ ಚಾರ್ಜ್ ಮಾಡಬೇಕು, ಒಟ್ಟಿಗೇ ಬಳಸಬೇಕು, ಒಂದು ಹೋದರೆ ಇನ್ನೊಂದನ್ನೂ ತೆಗೆಯಬೇಕು. ಅಂಥ ಸಂಸಾರ ಒಂದು ಮಾಡಿ ಸಾಕಾಗಿದೆ, ನನಗೆ ಒಂಟಿಯದೇ ಇರಲಿ ಎಂದೆ.

ಹೊಸ ಎರಡು ಬ್ಯಾಟರಿ ತಂದೆ. ತೂಗಿದೆ, ಸರಿಯಾಗಿತ್ತು. ಅವಕ್ಕೆ ತಕ್ಕ ಚಾರ್ಜರು, ಒಂದೊಂದಕ್ಕೂ ಬೇರೆ ಮನೆ ಇರುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿ. ಹೊದಿಕೆಯನ್ನು ಪ್ರತಿ ವಾರ ಬೆಳಕಿಗೆ ಹಿಡಿದು ನೋಡುತ್ತೇನೆ, ಗೀರು ಕಂಡರೆ ಬಳಸುವುದಿಲ್ಲ. ನಾನು ಎಚ್ಚರವಾಗಿದ್ದು, ಅದೇ ಕೋಣೆಯಲ್ಲಿದ್ದಾಗ ಮಾತ್ರ ಚಾರ್ಜಿಗೆ ಹಾಕುತ್ತೇನೆ. ಸತ್ತವನ್ನು ತುದಿಗಳಿಗೆ ಟೇಪು ಸುತ್ತಿ ಕೌನ್ಸಿಲ್ಲಿನ ಬ್ಯಾಟರಿ ಪೆಟ್ಟಿಗೆಗೆ ಹಾಕಿ ಬರುತ್ತೇನೆ, ಕಸದ ಬುಟ್ಟಿಗಲ್ಲ. ಸುಟ್ಟ ಅಡಕೊತ್ತನ್ನು ಉಜ್ಜಿ ಡ್ರಾಯರಿನಲ್ಲಿಟ್ಟೆ.

ಎರಡನೆಯ ಭಾನುವಾರ ಇವನ್ನೆಲ್ಲ ಚೀಲಕ್ಕೆ ಹಾಕಿಕೊಂಡು, ಕರೆಯದೆಯೇ ಮಗಳ ಮನೆಗೆ ಹೊರಟೆ. ಕ್ಷಮೆ ಕೇಳಲಿಕ್ಕಲ್ಲ, ತೋರಿಸಲಿಕ್ಕೆ. ಬಾಗಿಲು ತೆರೆದ ಅಳಿಯ, "ಬನ್ನಿ ಅತ್ತೆ, ಹುಷಾರು, ಸ್ವಲ್ಪ ಸೈಡಿಂದ ಬನ್ನಿ" ಎಂದರು. ಬಾಗಿಲ ಹಿಂದಿನ ಕಿರುದಾರಿಯಲ್ಲಿ ಅವರು ಸ್ಟೇಷನ್ನಿಗೆ ಹೋಗಿಬರುವ ಕರೆಂಟಿನ ಸೈಕಲ್ಲು ನಿಂತಿತ್ತು. ಎಷ್ಟೋ ಸಲ ಅದರ ಪಕ್ಕದಿಂದ ಸೀರೆಯ ನೆರಿಗೆ ಎತ್ತಿಕೊಂಡು ದಾಟಿದ್ದೇನೆ. ಆ ದಿನ ನಿಂತು ನೋಡಿದೆ.

ಸೈಕಲ್ಲಿನ ಬ್ಯಾಟರಿ ಮೆಟ್ಟಿಲ ಕೆಳಗೆ ಚಾರ್ಜಾಗುತ್ತಿತ್ತು. ಮೇಲೆ ನಾಲ್ಕು ಕೋಟು ತೂಗುತ್ತಿದ್ದವು, ಪಕ್ಕದಲ್ಲಿ ಕೂಸಿನ ಬೂಟು. ಬ್ಯಾಟರಿಯ ಪೆಟ್ಟಿಗೆ ಒಂದು ಮೂಲೆಯಲ್ಲಿ ಬಿರುಕು ಬಿಟ್ಟಿತ್ತು, ಅದರ ಮೇಲೆ ಕಂದು ಟೇಪು. ಬಗ್ಗಿ ಚಾರ್ಜರು ಮುಟ್ಟಿದೆ, ಕೈ ಇಡಲಾಗದಷ್ಟು ಬಿಸಿ.

ಮಗಳು ಒಳಗಿನಿಂದ ಬಂದಳು. ನಾನು ನನ್ನ ಡಬ್ಬಿ ತೆಗೆದು ತೋರಿಸಲು ಹೊರಟರೆ, "ಅವ್ವ, ಪ್ಲೀಸ್, ಮತ್ತ ಅದನ್ನ ತಗೀಬ್ಯಾಡ" ಎಂದಳು.

ನಮ್ಮಲ್ಲಿ ಅತ್ತೆಯಾದವಳು ಅಳಿಯನಿಗೆ ಎದುರಾಡುವುದಿಲ್ಲ. ಅಳಿಯ ಬಂದರೆ ಎದ್ದು ನಿಲ್ಲುವ, ಉಪ್ಪು ಕಡಿಮೆಯಾಯಿತೆಂದರೂ ತಪ್ಪಾಯಿತು ಎನ್ನುವ ಮನೆಯಿಂದ ಬಂದವಳು ನಾನು. ಒಂಬತ್ತು ವರ್ಷದಲ್ಲಿ ಈ ಅಳಿಯನ ಮುಖ ನೇರ ನೋಡಿ ಗಟ್ಟಿಯಾಗಿ ಒಂದು ಮಾತಾಡಿರಲಿಲ್ಲ. ಅವತ್ತು ಆಡಿದೆ.

"ಅಳಿಯಂದ್ರ, ಈ ಪೆಟಗ್ಯಾಗ ನನ್ನ ಬ್ಯಾಟರಿಯಂಥಾವು ಎಷ್ಟ ಅದಾವು ಗೊತ್ತೈತೇನ್ರಿ?"

ಅವರು ನಕ್ಕರು. "ಒಂದು ನಲವತ್ತು ಇರಬಹುದು ಅತ್ತೆ. ಏನೂ ಆಗಲ್ಲ, ಒಂದೂವರೆ ವರ್ಷದಿಂದ ಹೀಗೇ ಇಡ್ತಿದೀನಿ."

"ಈ ಚಾರ್ಜರ್ ಇದರದ ಏನು?"

"ಇದರದ್ದು ಕೆಟ್ಟೋಯ್ತು. ಇದು ಹಳೇ ಸ್ಕೂಟರ್‌ದು, ಪಿನ್ ಸರಿಹೋಗುತ್ತೆ."

"ಅವ್ವ, ಮಾತ ತಿರಗಿಸಬ್ಯಾಡ" ಎಂದಳು ಮಗಳು. "ಅವತ್ತ ಮಗು ಎದರಿಗಿತ್ತು."

"ಇತ್ತು. ನನ್ನ ತಪ್ಪು, ಅವತ್ತೂ ಅಂದೆ, ಇವತ್ತೂ ಅಂತೀನಿ. ಅವತ್ತ ಸಿಡಿದದ್ದು ಒಂದು. ಎತ್ತಿ ಹಿತ್ತಲಕ ಒಗದೆ. ಇಲ್ಲಿ ನಲವತ್ತು ಅದಾವು, ಒಡದ ಪೆಟಗ್ಯಾಗ, ಕೋಟಿನ ಕೆಳಗ. ಮ್ಯಾಲಿನ ಕೋಣ್ಯಾಗ ಕೂಸು ಮಲಗತೈತಿ. ಇದು ಹೊತ್ತಿದರ ನೀವು ಮೂರೂ ಮಂದಿ ಇಳದ ಬರೂದು ಯಾವ ಹಾದಿಂದ ಹೇಳು? ಈ ಮೆಟ್ಟಲಾ, ಈ ಬಾಗಲಾ ಬಿಟ್ಟರ ಬ್ಯಾರೆ ಏನೈತಿ?"

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಪಕ್ಕದ ಎಲೆಯ ನೊಣ ತೋರಿಸಿದರಂತೆ ಎಂಬ ಗಾದೆ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಗೆಲ್ಲುವ ಚಪಲ ನನಗೆ ಸಾಕಷ್ಟಿದೆ, ಆದರೆ ಆ ಹೊತ್ತಿಗೆ ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

"ನೀ ನನಗ ಒಂದು ಕಂಡೀಷನ್ ಹಾಕಿದಿ. ಈಗ ನಾ ಹಾಕ್ತೀನಿ" ಎಂದೆ. "ಇದು ಈ ಮನಿಯಿಂದ ಹೊರಗ ಹೋಗೂತನಕ ಕೂಸು ನನ್ನ ಮನ್ಯಾಗ ಮಲಗತೈತಿ. ಅಕಿ ಅರಿಬಿ ತುಂಬು. ನಾ ಇಲ್ಲೇ ಕುಂದರ್ತೀನಿ, ಅಕಿನ್ನ ಬಿಟ್ಟ ಏಳೂದಿಲ್ಲ."

ಹೇಳಿ, ಆ ಕಿರುದಾರಿಯ ಕೆಳಗಿನ ಮೆಟ್ಟಿಲ ಮೇಲೆಯೇ ಕೂತೆ. ಮಗಳು ನನ್ನನ್ನು ನೋಡಿದಳು, ಬ್ಯಾಟರಿಯನ್ನು ನೋಡಿದಳು. ಬಗ್ಗಿ ಚಾರ್ಜರಿಗೆ ಬೆರಳು ತಾಗಿಸಿ ಥಟ್ಟನೆ ಹಿಂದೆಗೆದುಕೊಂಡಳು. ಆಮೇಲೆ ಗಂಡನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದ್ದು ನಾಲ್ಕೇ ಮಾತು. ಅಳಿಯ ಪ್ಲಗ್ ಕಿತ್ತರು. ಬ್ಯಾಟರಿಯನ್ನು ಎರಡೂ ಕೈಯಲ್ಲಿ ಹಿಡಿದು ಹಿತ್ತಲಿನ ಕೊನೆಗೆ, ಗೋಡೆಯಿಂದ ದೂರ, ಬರಿ ನೆಲದ ಮೇಲೆ ಇಟ್ಟು ಬಂದರು. ನನ್ನನ್ನು ದಾಟಿ ಹೋಗುವಾಗ ಅವರ ಕಿವಿ ಕೆಂಪಾಗಿತ್ತು.

ಬ್ಯಾಟರಿ ಹೊರಗೆ ಹೋಯಿತಲ್ಲ, ಕೂಸನ್ನು ಅಲ್ಲೇ ಬಿಟ್ಟು ನಾನು ಚಹಾ ಕುಡಿಯದೆ ಮನೆಗೆ ಬಂದೆ. ಅಳಿಯನ ಮರ್ಯಾದೆ ತೆಗೆದೆ, ಮಗಳ ಮನೆಯ ಬಾಗಿಲು ನನ್ನ ಪಾಲಿಗೆ ಮುಚ್ಚಿತು ಎಂದೇ ಅಂದುಕೊಂಡೆ. ಮುಚ್ಚಿದರೆ ಮುಚ್ಚಲಿ, ಒಳಗಿರುವವರು ಸುಡದೆ ಇದ್ದರೆ ಸಾಕು ಎಂದೂ ಅಂದುಕೊಂಡೆ. ಸೋಮವಾರ ಅಳಿಯನೇ ಫೋನ್ ಮಾಡಿದರು. ಸೈಕಲ್ ರಿಪೇರಿಯವನಿಗೆ ಫೋಟೋ ಕಳಿಸಿದರೆ, ದಯವಿಟ್ಟು ಅದನ್ನು ನನ್ನ ಅಂಗಡಿಯ ಒಳಗೆ ತರಬೇಡಿ ಎಂದನಂತೆ. ಕೌನ್ಸಿಲ್ಲಿನವರನ್ನು ಕೇಳಿಕೊಂಡು ಅದನ್ನು ವಿಲೇವಾರಿ ಮಾಡಿಸುತ್ತೇನೆ ಎಂದರು. "ಸಾರಿ ಅತ್ತೆ" ಎಂದರು. ನಾನು, "ಇರ್ಲಿ ಬಿಡ್ರಿ, ಉಂಡ್ರೇನು?" ಎಂದು ಕೇಳಿದೆ.

ಮಂಗಳವಾರ ಬೆಳಿಗ್ಗೆ ಬಾಗಿಲ ಗಂಟೆ ಹೊಡೆಯಿತು. ಮಗಳು ನಿಂತಿದ್ದಳು. ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ಅಂಗಡಿಯ ದೊಡ್ಡ ಚೀಲ. ಚೀಲದ ತುಂಬ ಟಾರ್ಚು, ಪವರ್ ಬ್ಯಾಂಕು, ಮಾತಾಡುವ ಗೊಂಬೆ, ಯಾವ ಯಾವುದೋ ಚಾರ್ಜರು, ಅವಳ ಮನೆಯಲ್ಲಿ ಬ್ಯಾಟರಿ ಎಂಬುದಿದ್ದ ಎಲ್ಲವೂ. ಮುಖ ಇನ್ನೂ ಬಿಗಿದೇ ಇತ್ತು.

"ವೇಪ್ ಬಗ್ಗೆ ನಂದು ಇನ್ನೂ ಅದ ಮಾತ" ಎಂದಳು. "ನಂಗ ಅದು ಸೇರೂದಿಲ್ಲ."

"ನಿನಗ ಸೇರಲಿ ಅಂತ ನಾ ಸೇದೂದಿಲ್ಲ."

ಅವಳು ಚೀಲವನ್ನು ನನ್ನ ಕಡೆ ಚಾಚಿದಳು. "ಇವನ್ನೆಲ್ಲಾ ಒಂದ ಸಲ ನೋಡವ್ವ. ನಂಗ ಯಾವದೂ ಗೊತ್ತಾಗೂದಿಲ್ಲ."

"ಅದನ್ನ ಅಲ್ಲೇ ಹೊರಗ ಇಡು, ಆಮ್ಯಾಲೆ ನೋಡ್ತೀನಿ" ಎಂದೆ. "ಮದಲ ನನ್ನ ಕೂಸಿನ್ನ ಒಳಗ ಕಳಸು."